ಶೆಡ್ಡಿನ ಮಕ್ಕಳನ್ನು ಶಾಲೆಗೆ ಸೇರಿಸುವಾಗ

ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದು ತಗಡಿನ ಶೆಡ್ಡಿನಲ್ಲೋ ಫುಟ್‌ಪಾತಿನಲ್ಲೋ ಇರುವವರ ಮಕ್ಕಳಿಗೆ ಶಾಲೆ ತಪ್ಪುವುದು ಎಷ್ಟೋ ಸಲ ಒಂದೇ ಮಾತಿಗೆ: “ಟಿ.ಸಿ. ತನ್ನಿ, ಆಮೇಲೆ ನೋಡೋಣ.” ತಾಯಿ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾಳೆ, ಎರಡನೇ ಸಲ ಬರುವುದು ಅನುಮಾನ. ಆದ್ದರಿಂದ ಇವರ ಜೊತೆ ಶಾಲೆಗೆ ಹೋಗುವ ನೀವು ನೋಡಬೇಕಾದ್ದು ಇಷ್ಟೇ: ಮೊದಲ ದಿನವೇ ಮಗು ತರಗತಿಯಲ್ಲಿ ಕೂರಬೇಕು, ಕಾಗದ ಆಮೇಲೆ ಬರಲಿ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಇದನ್ನೇ ಹೇಳುತ್ತದೆ. ಟಿ.ಸಿ. ತಡವಾಯಿತೆಂದು (ಸೆಕ್ಷನ್ 5), ವಯಸ್ಸಿನ ದಾಖಲೆ ಇಲ್ಲವೆಂದು (ಸೆಕ್ಷನ್ 14), ವರ್ಷದ ನಡುವೆ ಬಂದರೆಂದು (ಸೆಕ್ಷನ್ 15) ಮಗುವನ್ನು ವಾಪಸ್ ಕಳಿಸುವಂತಿಲ್ಲ. ಈ ಮೂರನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಒಯ್ಯಿರಿ. ಜಗಳಕ್ಕಲ್ಲ, ಹೆಡ್‌ಮಾಸ್ಟರಿಗೂ ಮೇಲಿನವರಿಗೆ ತೋರಿಸಲು ಒಂದು ಆಧಾರ ಬೇಕು.

ವಯಸ್ಸಿಗೆ ಅಂಗನವಾಡಿ ದಾಖಲೆ ಅಥವಾ ಪೋಷಕರ ಲಿಖಿತ ಹೇಳಿಕೆ ಸಾಕು. ತಾಯಿಗೆ ಬರೆಯಲು ಬಾರದಿದ್ದರೆ ನೀವು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ. ಅಂದಾಜಿಗೆ ‘ಜೂನ್ 1’ ಎಂದು ಗೀಚಬೇಡಿ. ನಾಗರಪಂಚಮಿಗೆ ಮುಂಚೆಯೋ ಆಮೇಲೋ, ಅಣ್ಣನಿಗಿಂತ ಎಷ್ಟು ಚಿಕ್ಕವನು ಎಂದು ಕೇಳಿ ಲೆಕ್ಕ ಹಾಕಿ. ಇಂದು ಬರೆದದ್ದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಹೋಗುತ್ತದೆ.

ನಿಜವಾದ ಕಗ್ಗಂಟು ಸ್ಯಾಟ್ಸ್ ನಂಬರು, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ. ಮಗು ಊರಿನಲ್ಲಿ ಎರಡು ತಿಂಗಳು ಶಾಲೆಗೆ ಹೋಗಿದ್ದರೂ ಅಲ್ಲಿ ಹೆಸರಿರುತ್ತದೆ. ಕೇಳದೆ ಹೊಸದಾಗಿ ದಾಖಲಿಸಿದರೆ ಎರಡು ಕಡೆ ಹೆಸರಾಗಿ ಮುಂದೆ ತೊಡಕು. ಹಳೆಯ ಶಾಲೆಗೆ ಫೋನ್ ಮಾಡಿ ನಂಬರು ಪಡೆದು, ಆನ್‌ಲೈನಿನಲ್ಲಿ ವರ್ಗಾಯಿಸಲು ಕೇಳಿ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಗೇ ಕುತ್ತು, ಹಾಗಾಗಿ ಕೆಲವರು ಎಳೆದಾಡುತ್ತಾರೆ. ಆಗ ಸಿಆರ್‌ಪಿಗೆ (ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ), ಬಗೆಹರಿಯದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಹತ್ತು ವರ್ಷದವಳು ಅಕ್ಷರ ಕಲಿತಿಲ್ಲವೆಂದು ಒಂದನೇ ತರಗತಿಗೆ ಹಾಕಲು ಒಪ್ಪಬೇಡಿ, ನಾಚಿಕೆಗೇ ಬಿಟ್ಟುಬಿಡುತ್ತಾಳೆ. ಸೆಕ್ಷನ್ 4ರಂತೆ ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ ಕೊಡಬೇಕು. ಅವಳ ಕಂಕುಳಲ್ಲಿ ತಮ್ಮನಿದ್ದರೆ, ಮೂರು ತುಂಬಿದ್ದಲ್ಲಿ, ಅವನನ್ನು ಅದೇ ದಿನ ಅಂಗನವಾಡಿಗೆ ಸೇರಿಸಿ. ಇಲ್ಲದಿದ್ದರೆ ಇವಳು ಬರುವುದಿಲ್ಲ.

ಪ್ಲಾಸ್ಟರಿಂಗ್ ಶುರುವಾಯಿತೆಂದರೆ ಇಲ್ಲಿನ ಕೆಲಸ ಮುಗಿಯುತ್ತ ಬಂತು, ಕುಟುಂಬ ಹೊರಡುತ್ತದೆ. ಆಗಲೇ ಮುಂದಿನ ಸೈಟ್ ಎಲ್ಲೆಂದು ಮೇಸ್ತ್ರಿಯನ್ನು ಕೇಳಿಡಿ. ಟಿ.ಸಿ., ಸ್ಯಾಟ್ಸ್ ನಂಬರು ಎರಡರ ಫೋಟೊ ತಾಯಿಯ ಮೊಬೈಲಿನಲ್ಲಿರಲಿ. ಮಳೆಗಾಲದ ಶೆಡ್ಡಿನಲ್ಲಿ ಕಾಗದ ಉಳಿಯುವುದಿಲ್ಲ.