‘ಕೃಪೆ: ಅಂತರ್ಜಾಲ’ ಎಂದು ಬರೆಯದೆ ಕಟ್ಟಿದ ಯಕ್ಷಗಾನ ಚಿತ್ರಸಂಗ್ರಹ

ಅನುಮತಿ ಕೇಳುತ್ತ ಹೋದರೆ ಒಂದು ವೇಷದ ಚಿತ್ರವೂ ಸಿಗದು, ಕೆಳಗೆ ‘ಕೃಪೆ: ಅಂತರ್ಜಾಲ’ ಎಂದು ಹಾಕಿ ಮುಗಿಸಿ ಎನ್ನುತ್ತಿದ್ದರು ಮಿತ್ರರು. ಈಗ ನನ್ನ ಜಾಲತಾಣದಲ್ಲಿ ನಾನೂರರಷ್ಟು ಚಿತ್ರಗಳಿವೆ. 1958ಕ್ಕಿಂತ ಮೊದಲು ತೆಗೆದವುಗಳ ಹಕ್ಕುಸ್ವಾಮ್ಯ ಮುಗಿದಿದೆ. ಉಳಿದ ಎಲ್ಲಕ್ಕೂ ಬರೆಹದ ಒಪ್ಪಿಗೆ ಇದೆ. ಅದೇ ಮಿತ್ರರು ಈಗ ನನ್ನ ಒಪ್ಪಿಗೆ ಪತ್ರದ ಪ್ರತಿ ಕೇಳುತ್ತಾರೆ.

ಮೊದಲು ಚಿತ್ರದ ಹಕ್ಕುದಾರರಿಗೆ, ಷರತ್ತಿನ ಮೇಲೆ ಎಲ್ಲರ ಬಳಕೆಗೆ ಬಿಟ್ಟುಕೊಡುವ ಮುಕ್ತ ಪರವಾನಗಿಯಾದ ಕ್ರಿಯೇಟಿವ್ ಕಾಮನ್ಸ್‌ನ ಇಂಗ್ಲಿಷ್ ನಮೂನೆಯನ್ನೇ ಕಳುಹಿಸುತ್ತಿದ್ದೆ. ಉತ್ತರವೇ ಇಲ್ಲ. ಫೋನ್ ಮಾಡಿದರೆ ‘ಹಾಕಿಕೊಳ್ಳಿ ಮಾರಾಯರೆ’ ಎನ್ನುವರು; ಪತ್ರ ಕಂಡರೆ ಆಸ್ತಿ ಬರೆಸಿಕೊಳ್ಳಲು ಬಂದವನಂತೆ ನೋಡುವರು. ಹಕ್ಕುಸ್ವಾಮ್ಯ ಕಾಯ್ದೆ ಬರೆಹವನ್ನೇ ಕೇಳುತ್ತದೆ, ಆದರೆ ಪರವಾನಗಿಗೆ ಸಹಿ ಬೇಕೆಂಬ ಮಾತು 2012ರ ತಿದ್ದುಪಡಿಯಲ್ಲಿ ಹೋಯಿತು. ಅಲ್ಲಿಂದ ದಾರಿ ತೆರೆಯಿತು: ವಾಟ್ಸ್ಆ್ಯಪ್‌ನಲ್ಲಿ ಚಿತ್ರ, ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು, ಅದಕ್ಕೇ ಉತ್ತರವಾಗಿ ಅವರು ಹೆಸರು ಸಹಿತ ಒಪ್ಪಿಗೆ ಬರೆದರೆ ಆಯಿತು. ಅವಧಿ ಮತ್ತು ವ್ಯಾಪ್ತಿಯನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಒಪ್ಪಿಗೆ ಐದೇ ವರ್ಷಕ್ಕೆ, ಅದೂ ಭಾರತದೊಳಗೆ ಮಾತ್ರ.

ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರಗಳದು ದೊಡ್ಡ ತಲೆನೋವು. ಒಬ್ಬ ಸ್ಟುಡಿಯೋ ಮಾಲೀಕರು ಚಿತ್ರಕ್ಕೆ ಎರಡು ಸಾವಿರ ಕೇಳಿದರು. ಕಾಯ್ದೆಯ 17ನೆಯ ಕಲಂ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿಕೊಂಡವರೇ ಮೊದಲ ಹಕ್ಕುದಾರರು. ಹಾಗಾಗಿ ಕಲಾವಿದರ ಮನೆಗಳಿಗೇ ಹೋದೆ. ಖರ್ಚು ಒಟ್ಟು ಹದಿನೈದು ಸಾವಿರ ದಾಟಿರಬಹುದು. ಅದರಲ್ಲಿ ಮುಕ್ಕಾಲು ಪಾಲು ಮನೆಯವರಿಗೆ ದೊಡ್ಡ ಪ್ರತಿ ಮಾಡಿಸಿ ಚೌಕಟ್ಟು ಹಾಕಿಸಿ ಕೊಟ್ಟದ್ದಕ್ಕೆ ಹೋಯಿತು. ವೃತ್ತಿಪರ ಛಾಯಾಗ್ರಾಹಕರಿಗೆ ಚಿತ್ರಕ್ಕೆ ಐನೂರರಂತೆ ಕೊಟ್ಟಿದ್ದೇನೆ, ಚೌಕಾಸಿ ಮಾಡಿಲ್ಲ. ರಾತ್ರಿಯಿಡೀ ರಂಗಸ್ಥಳದ ಎದುರು ಕುಳಿತು ತೆಗೆದವರು ಅವರು.

ನಡುವೆ ಕಪ್ಪುಬಿಳುಪು ಚಿತ್ರಗಳಿಗೆ ತಂತ್ರಾಂಶದಿಂದ ಬಣ್ಣ ಹಾಕಿಸಿ ನೋಡಿದೆ. ಕೆಂಪು ದಗಲೆ (ವೇಷದ ಮೇಲಂಗಿ) ನೀಲಿಯಾಗಿ ಬಂತು! ಮಾರ್ಪಾಟಿಗೆ ಬೇರೆ ಒಪ್ಪಿಗೆಯನ್ನೂ ಕೇಳಬೇಕು, ಕೈಬಿಟ್ಟೆ. ಮೂಲ ಕಡತವನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ರೂಪದಲ್ಲೇ ತರಿಸಿಕೊಳ್ಳಿ, ಇಲ್ಲವಾದರೆ ದಿನಾಂಕ, ಕ್ಯಾಮೆರಾ ವಿವರ ಎಲ್ಲವೂ ಅಳಿಸಿಹೋಗುತ್ತವೆ.

ಕಲಾವಿದರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಒಂದು ಮನೆಯಲ್ಲಿ ಅಣ್ಣ ಒಪ್ಪಿದರೂ ತಮ್ಮಂದಿರಿಬ್ಬರು ಒಂದು ಮಳೆಗಾಲವಿಡೀ ಬಗ್ಗಲಿಲ್ಲ. ಕೊನೆಗೆ ಒಪ್ಪಿಸಿದೆ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಆ ಊರಿನಲ್ಲಿ ಇನ್ನೂ ಎರಡು ಮನೆಗಳು ಬಾಕಿ ಇವೆ.