ಸ್ಪಾನ್ ತರುವ ಮೊದಲು ನೀರು ತಯಾರಾಗಲಿ

ಕಾರಟಗಿ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ನಾನು ಕಾಟ್ಲಾ, ರೋಹು ಮೀನಿನ ಮರಿ ಬೆಳೆಸುತ್ತೇನೆ. ಸ್ಪಾನ್, ಅಂದರೆ ಮೊಟ್ಟೆಯೊಡೆದು ಕೆಲವೇ ದಿನವಾದ ಮರಿ ತಂದು, ಎರಡು ಮೂರು ವಾರ ಸಾಕಿ, ಇಂಚುದ್ದದ ಮರಿ ಮಾರುವ ಕೆಲಸ. ಮರಿ ಸತ್ತರೆ ಎಲ್ಲರೂ ರೋಗ ಅನ್ನುತ್ತಾರೆ, ಔಷಧಿ ಹುಡುಕುತ್ತಾರೆ. ಆದರೆ ಅಕ್ಕಿಕಾಳಿನಷ್ಟೂ ಇಲ್ಲದ ಮರಿಗೆ ಮೊದಲ ಶತ್ರು ನೀರಿನ ಹುಳು, ಆಮೇಲೆ ಹಸಿವು.

ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಹೊಂಡವನ್ನು ಪೂರ್ತಿ ಒಣಗಿಸುತ್ತೇನೆ. ಎರೆಮಣ್ಣು ಬಿರುಕು ಬಿಡಬೇಕು. ಎರೆಗೆ ಸುಣ್ಣ ಜಾಸ್ತಿ ಬೇಕಾಗುವುದಿಲ್ಲ, ಮಣ್ಣು ಪರೀಕ್ಷೆ ನೋಡಿಯೇ ಹಾಕಿ. ನೀರು ಬಿಡುವಾಗ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟುತ್ತೇನೆ. ಇಲ್ಲದಿದ್ದರೆ ಕಾಲುವೆಯಿಂದ ಕೊರವ ಮೀನಿನ ಮರಿ, ಕಸದ ಮೀನು ಒಳಗೆ ಬರುತ್ತವೆ. ಭತ್ತದ ಗದ್ದೆಯಿಂದ ಬಸಿದ ನೀರಂತೂ ಬೇಡವೇ ಬೇಡ. ಅದರಲ್ಲಿ ಬೆಳೆಗೆ ಹೊಡೆದ ಕೀಟನಾಶಕ ಇರುತ್ತದೆ.

ಸಗಣಿ, ನೆನೆಸಿದ ಶೇಂಗಾ ಹಿಂಡಿ ಹಾಕಿದ ಎರಡು ಮೂರು ದಿನಕ್ಕೆ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳು ಹುಟ್ಟುತ್ತವೆ, ಇವೇ ಪ್ಲಾಂಕ್ಟನ್. ಮರಿಗೆ ಮೊದಲ ಊಟ ಅದೇ. 50 ಲೀಟರ್ ನೀರನ್ನು ಪ್ಲಾಂಕ್ಟನ್ ಬಲೆಯಲ್ಲಿ ಸೋಸಿದರೆ ತಳದಲ್ಲಿ ಈ ಜೀವಿಗಳು 1ರಿಂದ 2 ಮಿಲಿಯಷ್ಟು ನಿಲ್ಲಬೇಕು. ಅಷ್ಟು ಸಿಗದಿದ್ದರೆ ನಾನು ಸ್ಪಾನ್ ತರುವುದನ್ನೇ ಮುಂದೂಡುತ್ತೇನೆ.

ಮರಿ ಬಿಡುವ ಹಿಂದಿನ ದಿನ ಹುಳುವಿನ ಕೆಲಸ. ಹೆಕ್ಟೇರಿಗೆ 56 ಕೆಜಿ ಎಣ್ಣೆ, 18 ಕೆಜಿ ಸೋಪು ಅನ್ನುವುದು ಲೆಕ್ಕ. 10 ಗುಂಟೆಗೆ ಅದರ ಹತ್ತನೇ ಒಂದು ಪಾಲು. ಸೋಪನ್ನು ಬಿಸಿನೀರಿನಲ್ಲಿ ಕರಗಿಸಿ, ಎಣ್ಣೆ ಬೆರೆಸಿ, ನೀರಿನ ಮೇಲೆ ಚೆಲ್ಲಬೇಕು. ಬೆನ್ನ ಮೇಲೆ ಈಜುವ ಹುಳು, ನೀರು ಜೀರುಂಡೆ ಇವೆಲ್ಲ ಉಸಿರಿಗೆ ಮೇಲೆ ಬರುತ್ತವೆ. ಎಣ್ಣೆ ಪದರದಿಂದ ಉಸಿರು ಕಟ್ಟಿ ಸಾಯುತ್ತವೆ. ಆದರೆ ಆಷಾಢದ ಗಾಳಿ ನಮ್ಮ ಕಡೆ ಗೊತ್ತಲ್ವಾ? ಪದರವನ್ನೆಲ್ಲ ಒಂದೇ ದಡಕ್ಕೆ ತಳ್ಳಿಬಿಡುತ್ತದೆ. ಗಾಳಿ ಏಳುವ ಮೊದಲೇ, ಬೆಳಗಿನ ಜಾವ ಚೆಲ್ಲುವುದು ಒಳ್ಳೆಯದು.

ಏರೋಪ್ಲೇನ್ ಚಿಟ್ಟೆಯ ಮರಿಹುಳು ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅದು ನೀರೊಳಗೇ ಉಸಿರಾಡುತ್ತದೆ. ಹಾಗಾಗಿ ಹೊಂಡ ತುಂಬಿಸಿ ವಾರಗಟ್ಟಲೆ ಸುಮ್ನೆ ಬಿಡಬೇಡಿ, ಚಿಟ್ಟೆ ಮೊಟ್ಟೆ ಇಡಲು ಜಾಗ ಕೊಟ್ಟ ಹಾಗೆ. ನಾನು ದಡದ ಹುಲ್ಲನ್ನೂ ಕಿತ್ತುಹಾಕುತ್ತೇನೆ, ಮರಿ ಬಿಡುವ ಮೊದಲು ಸಣ್ಣ ಬಲೆಯನ್ನೂ ಎಳೆಯುತ್ತೇನೆ.

ಸ್ಪಾನ್ ಚೀಲವನ್ನು ಸಂಜೆ ತಂಪಿನಲ್ಲಿ ಕಾಲು ಗಂಟೆ ತೇಲಿಬಿಟ್ಟು, ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬೆರೆಸಿದ ಮೇಲೆ ಬಿಡುತ್ತೇನೆ. ಆಮೇಲೆ ಶೇಂಗಾ ಹಿಂಡಿ ಪುಡಿ, ಅಕ್ಕಿ ತೌಡು ಸಮ ಸಮ. ಮಾರುವ ಹಿಂದಿನ ದಿನ ಆಹಾರ ನಿಲ್ಲಿಸಿ. ಹೊಟ್ಟೆ ಖಾಲಿ ಇದ್ದರೆ ಆಕ್ಸಿಜನ್ ಚೀಲದ ನೀರು ಬೇಗ ಕೆಡುವುದಿಲ್ಲ, ಕೊಂಡವರ ಕೆರೆಗೆ ಮರಿ ಜೀವಂತ ಮುಟ್ಟುತ್ತದೆ.