ಎಂಜಿನ್ ನಿಯಮ ಬದಲಾಗುವ ವರ್ಷ: ಸಣ್ಣ ರೇಸಿಂಗ್ ತಂಡದ ತಯಾರಿ ಮತ್ತು ಚಾಲಕರ ಕರಾರು

ಪುಣೆಯ ಭೋಸರಿ, ಚಾಕಣ್, ತಳೇಗಾಂವ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುತ್ತ, ರಜೆ ಸಿಕ್ಕಾಗಲೆಲ್ಲ ಕಾರ್ಟಿಂಗ್ ಅಥವಾ ರ್‍ಯಾಲಿ ತಂಡದ ಬೆನ್ನು ಹತ್ತುವ ಕನ್ನಡಿಗ ಹುಡುಗರು ಪ್ರತಿ ವರ್ಷವೂ ನನ್ನನ್ನು ಕೇಳುವ ಪ್ರಶ್ನೆಗಳು ಎರಡು. ಹೊಸ ಎಂಜಿನ್ ನಿಯಮಕ್ಕೆ ಯಾವಾಗಿನಿಂದ ಸಿದ್ಧರಾಗಬೇಕು, ಚಾಲಕನ ಜೊತೆ ಎಷ್ಟು ವರ್ಷಕ್ಕೆ ಕರಾರು ಮಾಡಿಕೊಳ್ಳಬೇಕು? ಇವೆರಡನ್ನೂ ಒಂದೇ ಕ್ಯಾಲೆಂಡರಿನ ಮೇಲೆ ಬರೆದುಕೊಂಡು ನಿರ್ಧರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ತಂಡಗಳು ಮಾಡುವುದೂ ಇದನ್ನೇ. ಲೂಯಿಸ್ ಹ್ಯಾಮಿಲ್ಟನ್ ಮೆಕ್ಲಾರೆನ್ ಬಿಟ್ಟು ಮರ್ಸಿಡಿಸ್ ಸೇರುವ ಸುದ್ದಿ 2012ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದಾಗ, 2010ರಲ್ಲಿ ಫಾರ್ಮುಲಾ ಒನ್‌ಗೆ ಮರಳಿದ್ದ ಮರ್ಸಿಡಿಸ್ ತಂಡ ಗೆದ್ದದ್ದು ಒಂದೇ ಒಂದು ರೇಸ್. ಆದರೆ 2014ರಲ್ಲಿ ವಿ8 ಹೋಗಿ 1.6 ಲೀಟರಿನ ಟರ್ಬೊ ಹೈಬ್ರಿಡ್ ವಿ6 ಬಂದಾಗ ಅದೇ ತಂಡ 19ರಲ್ಲಿ 16 ರೇಸ್‌ಗಳನ್ನು ಗೆದ್ದಿತು, ಹ್ಯಾಮಿಲ್ಟನ್ ಚಾಂಪಿಯನ್ ಆದರು. ಹಾಗೆಯೇ, 2026ರಿಂದ ಹೋಂಡಾ ಎಂಜಿನ್ ಬಳಸುವುದಾಗಿ ಆಸ್ಟನ್ ಮಾರ್ಟಿನ್ 2023ರಲ್ಲೇ ಘೋಷಿಸಿತು. ಮರುವರ್ಷ ಫರ್ನಾಂಡೊ ಅಲೊನ್ಸೊ ಜೊತೆ ಮಾಡಿಕೊಂಡ ಕರಾರು ಆ 2026ರ ಸೀಸನ್ನನ್ನೂ ಒಳಗೊಂಡಿತ್ತು.

ಮೊದಲ ಕೆಲಸವೆಂದರೆ ಹಳೆಯ ನಿಯಮ ಪುಸ್ತಕವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದುವುದು. ಬದಲಾದ ಪ್ರತಿ ಸಾಲಿನ ಎದುರಿಗೆ ಅದರಿಂದ ಯಾವ ಬಿಡಿಭಾಗ ಬದಲಾಗುತ್ತದೆ, ಚಾಲಕನ ಯಾವ ಅಭ್ಯಾಸ ಬದಲಾಗುತ್ತದೆ ಎಂದು ಬರೆಯಿರಿ. ಈ ಎರಡನೆಯ ಪ್ರಶ್ನೆಯನ್ನು ಬಹಳಷ್ಟು ತಂಡಗಳು ಕೇಳಿಕೊಳ್ಳುವುದೇ ಇಲ್ಲ. ಫಾರ್ಮುಲಾ ಒನ್‌ನ 2026ರ ನಿಯಮವನ್ನೇ ನೋಡಿ: ಟರ್ಬೊದ ಶಾಖದಿಂದ ವಿದ್ಯುತ್ ತೆಗೆಯುತ್ತಿದ್ದ ಎಂಜಿಯು-ಎಚ್ ಹೋಯಿತು, ಬ್ರೇಕ್ ಹಿಡಿದಾಗ ಶಕ್ತಿ ಮರಳಿಸುವ ಎಂಜಿಯು-ಕೆಯ ಸಾಮರ್ಥ್ಯ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರಿತು, ಪೆಟ್ರೋಲ್ ಎಂಜಿನ್ನಿನ ಪಾಲು ಸುಮಾರು 400 ಕಿಲೋವ್ಯಾಟ್‌ಗೆ ಇಳಿಯಿತು. ಕಾಗದದ ಮೇಲೆ ಇದು ಎಂಜಿನಿಯರನ ವಿಷಯವೆಂದು ಕಾಣುತ್ತದೆ. ಆದರೆ ಹೆಚ್ಚುಕಡಿಮೆ ಅರ್ಧ ಶಕ್ತಿ ಬ್ಯಾಟರಿಯಿಂದಲೇ ಬರುವಾಗ, ಯಾವ ತಿರುವಿನ ಮುಂಚೆ ಥ್ರಾಟಲ್ ಬಿಡಬೇಕು, ಎಲ್ಲಿ ಶಕ್ತಿ ಉಳಿಸಿ ಎಲ್ಲಿ ಖರ್ಚು ಮಾಡಬೇಕು ಎಂಬುದನ್ನು ಚಾಲಕ ಮೊದಲಿನಿಂದ ಕಲಿಯಬೇಕಾಗುತ್ತದೆ. ಕಲಿಯುವುದಕ್ಕೆ ದಿನಗಳು ಬೇಕು, ಆ ದಿನಗಳು ಕರಾರಿನಲ್ಲಿ ಇರಬೇಕು.

ನಮ್ಮ ಮಟ್ಟದಲ್ಲಿ ಬ್ಯಾಟರಿಗಿಂತ ಇಂಧನದ ಬದಲಾವಣೆ ಮೊದಲು ಕಾಡುತ್ತದೆ. ದೇಶದ ಪಂಪುಗಳಲ್ಲಿ 2025ರ ಹೊತ್ತಿಗೆ ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಸಾಮಾನ್ಯವಾಗಿದೆ, ಪಂಪಿನ ಇಂಧನವನ್ನೇ ಬಳಸಬೇಕೆಂಬ ವಿಭಾಗದಲ್ಲಿ ನೀವು ಸ್ಪರ್ಧಿಸುತ್ತಿದ್ದರೆ ಅದೂ ಎಂಜಿನ್ ನಿಯಮ ಬದಲಾದಂತೆಯೇ. ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿದೆ. ತೂಕದ ಲೆಕ್ಕದಲ್ಲಿ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲ್‌ನ ಒಂದು ಪಾಲಿಗೆ 9 ಪಾಲು ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಕಾರ್ಬ್ಯುರೇಟರಿನಲ್ಲಿ ಇಂಧನದ ಅಳತೆ ನಿರ್ಧರಿಸುವ ಸಣ್ಣ ರಂಧ್ರವಾದ ಜೆಟ್ಟನ್ನು ಬದಲಿಸದೆ ಓಡಿಸಿದರೆ ಮಿಶ್ರಣ ತೆಳುವಾಗಿ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ನಮ್ಮ ಶೆಡ್ಡಿನಲ್ಲಿ ಒಮ್ಮೆ ಮಳೆಗಾಲವಿಡೀ ನಿಂತಿದ್ದ ಬಂಡಿಯ ಇಂಧನ ಪೈಪನ್ನು ಕಳಚಿದಾಗ ಅದರ ರಬ್ಬರ್ ನೆನೆಹಾಕಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಹಾಗೆಯೇ ಉಳಿಯುತ್ತಿತ್ತು, ಕಾರ್ಬ್ಯುರೇಟರಿನ ಬಟ್ಟಲಿನ ತಳದಲ್ಲಿ ಕರಿಯ ಪುಡಿ ಕೂತಿತ್ತು. ಆದ್ದರಿಂದ ಪೈಪು, ಓ-ರಿಂಗ್, ಪಂಪಿನ ಡಯಾಫ್ರಾಮ್ ಇವನ್ನೆಲ್ಲ ಎಥನಾಲ್ ತಾಳುವ ರಬ್ಬರಿನವಕ್ಕೆ ಬದಲಿಸಿಯೇ ಜೆಟ್ಟಿಗೆ ಅಥವಾ ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯುವಿನ ಮ್ಯಾಪಿಗೆ ಕೈಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಬಟ್ಟಲನ್ನೂ ಖಾಲಿ ಮಾಡಿಡಿ, ಏಕೆಂದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ ಮತ್ತು ಪುಣೆಯ ಜುಲೈ ತಿಂಗಳಿನಲ್ಲಿ ತೇವಕ್ಕೆ ಬರವಿಲ್ಲ.

ಏನನ್ನೂ ಬದಲಿಸುವ ಮುಂಚೆ ಹಳೆಯ ಸ್ಥಿತಿಯಲ್ಲೇ ಒಮ್ಮೆ ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರವಾದ ಡೈನೋ ಮೇಲೆ ಓಡಿಸಿ, ಶಕ್ತಿ ಮತ್ತು ಟಾರ್ಕ್ ರೇಖೆಯನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿಕೊಳ್ಳಿ. ಅದಿಲ್ಲದಿದ್ದರೆ ಮುಂದಿನ ಪ್ರತಿ ಚರ್ಚೆಯೂ ಅಂದಾಜಿನ ಮೇಲೆ ನಡೆಯುತ್ತದೆ. ಎರಕ ಅಥವಾ ಕ್ರ್ಯಾಂಕ್ ಕೆಲಸವಿದ್ದರೆ ಬೆಳಗಾವಿಯ ಉದ್ಯಮಬಾಗದ ಕುಶಲಕರ್ಮಿಗಳನ್ನು ಮರೆಯಬೇಡಿ; ಆದರೆ ಹಬ್ಬದ ವಾರಗಳನ್ನು ಲೆಕ್ಕಕ್ಕೆ ಹಿಡಿದೇ ಆರ್ಡರ್ ಕೊಡಿ. ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಹೊರಡಿಸುವ ತಾಂತ್ರಿಕ ನಿಯಮಗಳಲ್ಲಿ ಯಾವುದಾದರೂ ಸಾಲು ಎರಡು ಅರ್ಥ ಕೊಡುತ್ತಿದ್ದರೆ, ತಪಾಸಣೆಯ ದಿನ ವಾದಿಸುವ ಬದಲು ಈಗಲೇ ಲಿಖಿತವಾಗಿ ಕೇಳಿ ಉತ್ತರವನ್ನು ಕಡತದಲ್ಲಿಡಿ.

ಇನ್ನು ಕರಾರು. ಆಲ್ಪೀನ್ ತಂಡ 2022ರ ಆಗಸ್ಟ್ 2ರಂದು ಆಸ್ಕರ್ ಪಿಯಾಸ್ಟ್ರಿ ಮರುವರ್ಷ ತನ್ನ ಚಾಲಕನೆಂದು ಪ್ರಕಟಿಸಿತು. ಅದೇ ದಿನ ಪಿಯಾಸ್ಟ್ರಿ ಅದನ್ನು ನಿರಾಕರಿಸಿದರು. ಒಂದು ತಿಂಗಳ ನಂತರ ಫಾರ್ಮುಲಾ ಒನ್ ಚಾಲಕರ ಕರಾರಿನ ವ್ಯಾಜ್ಯ ಬಗೆಹರಿಸುವ ಕರಾರು ಮಾನ್ಯತಾ ಮಂಡಳಿ, ಪಿಯಾಸ್ಟ್ರಿ ತನ್ನ ಚಾಲಕನೆಂದು ವಾದಿಸಿದ್ದ ಮೆಕ್ಲಾರೆನ್ ಪರ ತೀರ್ಪು ಕೊಟ್ಟಿತು, ಏಕೆಂದರೆ ಆ ಸೀಸನ್ನಿಗೆ ಊರ್ಜಿತವಾಗುವ ಕರಾರು ಇದ್ದದ್ದು ಮೆಕ್ಲಾರೆನ್ ಬಳಿ ಮಾತ್ರ. ಅಷ್ಟು ದೊಡ್ಡ ತಂಡಕ್ಕೇ ಕಾಗದಪತ್ರ ಪೂರ್ಣವಾಗಿರಲಿಲ್ಲವೆಂದರೆ, ವಾಟ್ಸ್ಆ್ಯಪ್‌ನಲ್ಲಿ "ಆಯ್ತಣ್ಣ, ನಿಮ್ಮ ಜೊತೆನೇ" ಎಂಬ ಸಂದೇಶವನ್ನು ನಂಬಿ ಸೀಸನ್ ಹೂಡುವ ನಮ್ಮವರ ಬಗ್ಗೆ ನನಗೆ ನಿಜಕ್ಕೂ ಆತಂಕವಾಗುತ್ತದೆ.

ನನಗಾದ ಪಾಠವನ್ನೂ ಹೇಳಬೇಕು. ನಮ್ಮ ತಂಡದ ಕರಾರಿನಲ್ಲಿ "ಸೀಸನ್ ಪೂರ್ತಿ" ಎಂಬ ಎರಡು ಪದಗಳಷ್ಟೇ ಇದ್ದವು. ಹೊಸ ಎಂಜಿನ್ನಿನ ಪರೀಕ್ಷೆಗೆಂದು ಟ್ರ್ಯಾಕ್ ಬಾಡಿಗೆ ಕಟ್ಟಿದ್ದ ವಾರಾಂತ್ಯದಲ್ಲಿ ನಮ್ಮ ಚಾಲಕ ಬೇರೆ ತಂಡದ ಬಂಡಿ ಓಡಿಸಲು ಹೋದ. ಸೀಸನ್ ಎಂದರೆ ಮೊದಲ ರೇಸಿನಿಂದ ಕೊನೆಯ ರೇಸಿನವರೆಗೆ ಎಂಬ ಅವನ ವಾದದಲ್ಲಿ ತಪ್ಪಿರಲಿಲ್ಲ. ಅಂದಿನಿಂದ ಆರಂಭದ ಮತ್ತು ಮುಕ್ತಾಯದ ತಾರೀಖು, ಪರೀಕ್ಷೆಯ ದಿನಗಳ ಸಂಖ್ಯೆ, ಡೈನೋ ದಿನ ಚಾಲಕ ಹಾಜರಿರಬೇಕೇ ಎಂಬುದು, ಬಂಡಿ ಜಖಂಗೊಂಡರೆ ಯಾರ ಪಾಲು ಎಷ್ಟು ಎಂಬುದು, ಎಲ್ಲವನ್ನೂ ಬರೆಸುತ್ತೇನೆ.

ಚಾಲಕನಿಗೆ 18 ತುಂಬಿಲ್ಲದಿದ್ದರೆ ಇನ್ನೂ ಎಚ್ಚರ ಬೇಕು, ಕಾರ್ಟಿಂಗ್‌ನಲ್ಲಿ ಇದು ನಿತ್ಯದ ಪ್ರಶ್ನೆ. 1872ರ ಭಾರತೀಯ ಕರಾರು ಕಾಯ್ದೆಯಡಿ ಅಪ್ರಾಪ್ತರು ಮಾಡಿಕೊಂಡ ಕರಾರು ಅನೂರ್ಜಿತ. ಅಪ್ಪ ಸಹಿ ಹಾಕಿದರಾಯಿತು ಎಂದುಕೊಳ್ಳುವಂತಿಲ್ಲ. ಬಾಲನಟಿಯೊಬ್ಬಳ ಪರವಾಗಿ ತಂದೆ ಮಾಡಿಕೊಂಡಿದ್ದ ಸೇವಾ ಕರಾರನ್ನು ಬಾಂಬೆ ಹೈಕೋರ್ಟ್ 1949ರಲ್ಲಿ ಅನೂರ್ಜಿತವೆಂದಿತು. ಹುಡುಗನನ್ನು ಹಲವು ವರ್ಷ ಕಟ್ಟಿಹಾಕುವ ಯೋಚನೆ ಬಿಟ್ಟು, ಪೋಷಕರ ಜೊತೆ ಖರ್ಚುವೆಚ್ಚದ ಹಂಚಿಕೆಯನ್ನು ರೇಸಿನಿಂದ ರೇಸಿಗೆ ಬರೆದುಕೊಳ್ಳುವುದು ಒಳ್ಳೆಯದು. ಅದೇ ಕಾಯ್ದೆಯ 27ನೇ ಕಲಂ ವೃತ್ತಿಗೆ ತಡೆಯೊಡ್ಡುವ ಷರತ್ತನ್ನು ಒಪ್ಪುವುದಿಲ್ಲವಾದ್ದರಿಂದ, ಕರಾರು ಮುಗಿದ ಮೇಲೂ ಎದುರಾಳಿ ತಂಡ ಸೇರಬಾರದೆಂದು ವಯಸ್ಕ ಚಾಲಕನಿಂದ ಬರೆಸಿಕೊಂಡರೂ ಅದು ನಿಲ್ಲುವುದು ಕಷ್ಟ.

ನಿಯಮ ಬದಲಾಗುವ ವರ್ಷಕ್ಕೆ ನಾನು ಒಂದು ವರ್ಷದ ಕರಾರನ್ನೇ ಮೆಚ್ಚುತ್ತೇನೆ, ಎರಡನೆಯ ವರ್ಷ ಇಬ್ಬರ ಆಯ್ಕೆಗೆ ಬಿಟ್ಟದ್ದು. ಹ್ಯಾಮಿಲ್ಟನ್ 2023ರಲ್ಲಿ ಮರ್ಸಿಡಿಸ್ ಜೊತೆ 2025ರವರೆಗೆ ಸಹಿ ಹಾಕಿದ್ದರೂ, ಅದರಲ್ಲೇ ಇದ್ದ ಬಿಡುಗಡೆಯ ಷರತ್ತನ್ನು ಬಳಸಿ ಒಂದು ವರ್ಷ ಮುಂಚೆ ಫೆರಾರಿಗೆ ಹೊರಟರು. ಯಾರೂ ಕೋರ್ಟ್ ಮೆಟ್ಟಿಲು ಹತ್ತಲಿಲ್ಲ. ಆಯ್ಕೆಯನ್ನು ತಿಳಿಸುವ ಕೊನೆಯ ದಿನವನ್ನು ಹೊಸ ಎಂಜಿನ್ನಿನ ಮೊದಲ ಪರೀಕ್ಷೆ ಮುಗಿದ ನಂತರಕ್ಕೆ ಇಟ್ಟುಕೊಂಡರೆ ಬಂಡಿ ಹೇಗಿದೆಯೆಂದು ಇಬ್ಬರಿಗೂ ಗೊತ್ತಿರುತ್ತದೆ. ಮಹಾರಾಷ್ಟ್ರದಲ್ಲಿ ಸಾಮಾನ್ಯ ಕರಾರಿಗೆ 2024ರ ಅಕ್ಟೋಬರ್‌ನಿಂದ 100 ರೂಪಾಯಿಯ ಬದಲು 500 ರೂಪಾಯಿಯ ಮುದ್ರಾಂಕ ಬೇಕು. ಎರಡು ಪ್ರತಿ ಮಾಡಿಸಿ, ಪ್ರತಿ ಪುಟಕ್ಕೂ ಇಬ್ಬರ ಸಹಿ ಹಾಕಿಸಿ, ಒಂದನ್ನು ಅಂದೇ ಚಾಲಕನ ಕೈಗೆ ಕೊಡಿ.